1967ರ ಕಾರ್ವೆಟ್: ಕಾರ್ಖಾನೆಯ ಬೆಲೆಪಟ್ಟಿಯನ್ನು ಓದಿ, ಕಾರಿನೊಂದಿಗೆ ತಾಳೆ ನೋಡುವ ಬಗೆ

ನಮ್ಮ ತುಮಕೂರಿನಲ್ಲಿ ಹಳೆಯ ಗಾಡಿ ಕೊಳ್ಳುವವರು ಬಣ್ಣ ನೋಡುವುದಕ್ಕೂ ಮೊದಲು ಆರ್‌ಸಿ ಪುಸ್ತಕ ಕೇಳುತ್ತಾರೆ. ಚಾಸಿ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು, ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು, ಪುಸ್ತಕದಲ್ಲಿರುವ ಸಂಖ್ಯೆಯೊಂದಿಗೆ ತಾಳೆ ನೋಡುತ್ತಾರೆ. ಅಮೆರಿಕದ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವವರು ಮಾಡಬೇಕಾದುದೂ ಇದನ್ನೇ. ಆದರೆ ಅಲ್ಲಿ ಒಂದು ಸಂಖ್ಯೆ ಸರಿಹೊಂದಿದರೆ ಸಾಲದು. ಕಾರು ಹೊಸದಾಗಿದ್ದಾಗ ಅದರ ಮೊದಲ ಒಡೆಯ ಬೆಲೆಪಟ್ಟಿಯಲ್ಲಿ ಯಾವ ಯಾವ ಆಪ್ಷನ್ನಿಗೆ, ಅಂದರೆ ಬೇಕಾದರೆ ಆರಿಸಿಕೊಳ್ಳಬಹುದಾದ ಹೆಚ್ಚುವರಿ ಸೌಲಭ್ಯಕ್ಕೆ, ಗುರುತು ಹಾಕಿದ್ದ, ಅವುಗಳಲ್ಲಿ ಎಷ್ಟು ಇಂದಿಗೂ ಕಾರಿನಲ್ಲಿವೆ, ಎಷ್ಟು ಆಮೇಲೆ ಸೇರಿಕೊಂಡವು ಎಂಬುದೂ ತಿಳಿಯಬೇಕು. ಇಂದಿನ ಬೆಲೆ ನಿಂತಿರುವುದೇ ಅದರ ಮೇಲೆ.

ನಾನು ಇಲ್ಲಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದವನು. ಗಡಿಯಾರದ ಡಯಲ್, ಕೇಸು ಮತ್ತು ಒಳಗಿನ ಮೂವ್‌ಮೆಂಟ್ ಒಂದೇ ಕಾಲದವೋ, ಅಥವಾ ಬೇರೆ ಬೇರೆ ಕಡೆಯಿಂದ ಕೂಡಿಸಿದವೋ ಎಂದು ನೋಡುವ ಅಭ್ಯಾಸ ಕಣ್ಣಿಗೆ ಅಂಟಿಕೊಂಡಿದೆ. ಇಲ್ಲಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋಗಿರುವ ನನ್ನ ತಂಗಿಯ ಮಗ 1967ರ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ ಕೊಳ್ಳಬೇಕೆಂದು ಹೊರಟಾಗ, ‘ಮಾವ, ನೀವು ಒಮ್ಮೆ ಕಾಗದ ನೋಡಿ’ ಎಂದು ಚಿತ್ರಗಳನ್ನು ಕಳುಹಿಸತೊಡಗಿದ. ಹಾಗೆ ನೋಡುತ್ತಾ ಕಲಿತುದನ್ನು, ಅಲ್ಲಿರುವ ನಮ್ಮ ಹುಡುಗರಿಗೂ, ಈ ಕಾರಿನ ಬಗ್ಗೆ ಆಸಕ್ತಿಯಿರುವ ಇಲ್ಲಿನವರಿಗೂ ಉಪಯೋಗವಾಗಲೆಂದು ಕ್ರಮವಾಗಿ ಬರೆಯುತ್ತಿದ್ದೇನೆ.

1967ನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1963ರಲ್ಲಿ ಬಂದ ಆ ಆಕಾರದ ಕಾರಿಗೆ ಅದು ಕೊನೆಯ ವರ್ಷ. ಆ ವರ್ಷ ಮಿಸೌರಿಯ ಸೇಂಟ್ ಲೂಯಿಸ್ ಕಾರ್ಖಾನೆಯಿಂದ ಹೊರಬಂದವು 22,940 ಕಾರುಗಳು: ಅವುಗಳಲ್ಲಿ 8,504 ಕೂಪೆ, ಅಂದರೆ ಚಾವಣಿ ತೆಗೆಯಲಾಗದವು, ಉಳಿದ 14,436 ಕನ್ವರ್ಟಿಬಲ್, ಅಂದರೆ ಚಾವಣಿ ತೆಗೆಯಬಹುದಾದವು. ಯಾವ ಆಪ್ಷನ್ ಎಷ್ಟು ಕಾರುಗಳಿಗೆ ಹೋಯಿತು ಎಂಬ ಲೆಕ್ಕವೂ ಉಳಿದುಕೊಂಡಿದೆ. ಹೀಗಾಗಿ ಪಟ್ಟಿ ಓದುವುದನ್ನು ಕಲಿಯಲು ಇದಕ್ಕಿಂತ ಅನುಕೂಲವಾದ ವರ್ಷ ಸಿಗಲಾರದು.

ಮೊದಲು ಮೂಲಬೆಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೂಪೆಗೆ 4,388.75 ಡಾಲರ್, ಕನ್ವರ್ಟಿಬಲ್‌ಗೆ 4,240.75 ಡಾಲರ್. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಡಾಲರಿಗೆ 7.50 ರೂಪಾಯಿ ಇದ್ದುದರಿಂದ, ಕನ್ವರ್ಟಿಬಲ್‌ನ ಬೆಲೆ ನಮ್ಮ ಅಂದಿನ ಹಣದಲ್ಲಿ ಸುಮಾರು 31,800 ರೂಪಾಯಿ. ಈ ಹಣಕ್ಕೆ ಸಿಗುತ್ತಿದ್ದುದು 327 ಘನ ಇಂಚಿನ, 300 ಅಶ್ವಶಕ್ತಿಯ ವಿ8 ಎಂಜಿನ್ ಮತ್ತು ಮೂರು ಗೇರಿನ ಗೇರ್‌ಬಾಕ್ಸ್. ರೇಡಿಯೊ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಪವರ್ ಬ್ರೇಕ್ ಕೂಡ ಇಲ್ಲ. ಮೂರು ಗೇರಿನ ಗೇರ್‌ಬಾಕ್ಸನ್ನು ಹಾಗೆಯೇ ಉಳಿಸಿಕೊಂಡವರು 424 ಜನ ಮಾತ್ರ. ಮಿಕ್ಕವರೆಲ್ಲ ಹೆಚ್ಚು ಹಣ ಕೊಟ್ಟು ಬೇರೆಯದನ್ನು ಆರಿಸಿಕೊಂಡರು.

ಮೂಲಬೆಲೆಯ ಕೆಳಗೆ ಬರುವುದು ಆಪ್ಷನ್‌ಗಳ ಸಾಲು. ಪ್ರತಿಯೊಂದಕ್ಕೂ ಅಕ್ಷರ, ಅಂಕಿ ಸೇರಿ ಮೂರು ಚಿಹ್ನೆಗಳ ಒಂದು ಸಂಕೇತವಿರುತ್ತದೆ. ಈ ಸಂಕೇತಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಆದರೆ ಬೆಲೆಯನ್ನು ನಿರ್ಧರಿಸುವ ಹತ್ತು ಹನ್ನೆರಡನ್ನು ಗುರುತಿಸಲು ಬರಲೇಬೇಕು. ಎಂ20 ಮತ್ತು ಎಂ21 ಎರಡೂ ನಾಲ್ಕು ಗೇರಿನವು, ಎರಡಕ್ಕೂ 184.35 ಡಾಲರ್, ಎಂ21ರ ಗೇರುಗಳ ಅನುಪಾತಗಳು ಒಂದಕ್ಕೊಂದು ಹೆಚ್ಚು ಹತ್ತಿರ. ಎಂ35 ಎಂದರೆ ಎರಡು ವೇಗದ ಪವರ್‌ಗ್ಲೈಡ್ ಆಟೊಮ್ಯಾಟಿಕ್, 194.35 ಡಾಲರ್. ಜಿ81 ಎಂದರೆ ಪಾಸಿಟ್ರಾಕ್ಷನ್, ಅಂದರೆ ಹಿಂದಿನ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಹೋಗುವಂತೆ ಮಾಡುವ ಡಿಫರೆನ್ಷಿಯಲ್, 42.15 ಡಾಲರಿಗೆ ಸಿಗುತ್ತಿದ್ದ ಇದನ್ನು 20,308 ಕಾರುಗಳಿಗೆ ಹಾಕಿಸಿಕೊಂಡಿದ್ದರು. ಜೆ50 ಪವರ್ ಬ್ರೇಕ್ 42.15, ಎನ್40 ಪವರ್ ಸ್ಟೀರಿಂಗ್ 94.80, ಎ31 ಪವರ್ ಕಿಟಕಿ 57.95, ಸಿ60 ಏರ್ ಕಂಡೀಷನರ್ 412.90, ಚರ್ಮದ ಸೀಟು 79.00, ಕನ್ವರ್ಟಿಬಲ್‌ಗೆ ಹೆಚ್ಚುವರಿ ಗಟ್ಟಿ ಚಾವಣಿಯಾದ ಸಿ07 231.75 ಡಾಲರ್.

ಬೆಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಕಾಲದ ತೂಕ ತಿಳಿಯುತ್ತದೆ. ಯು69 ಎಂಬ ಎಎಂ-ಎಫ್‌ಎಂ ರೇಡಿಯೊಗೆ 172.75 ಡಾಲರ್, 300ರ ಬದಲು 350 ಅಶ್ವಶಕ್ತಿ ಕೊಡುವ ಎಲ್79 ಎಂಜಿನ್ನಿಗೆ ಬರೀ 105.35 ಡಾಲರ್. ಹಾಡು ಕೇಳುವುದಕ್ಕಿಂತ ಐವತ್ತು ಕುದುರೆಗಳು ಅಗ್ಗವಾಗಿದ್ದವು! ಹಾಗಿದ್ದರೂ ರೇಡಿಯೊ ಹಾಕಿಸಿಕೊಂಡವರು 22,193 ಮಂದಿ, ಎಲ್79 ಕೇಳಿದವರು 6,375 ಮಂದಿ. ಕಾರ್ವೆಟ್ ಕೊಂಡವರೆಲ್ಲ ರೇಸ್ ಓಡಿಸಲು ಕೊಂಡರು ಎಂದು ನಂಬಿ ಮಾತನಾಡುವ ಮಾರಾಟಗಾರರಿಗೆ ಈ ಎರಡು ಸಂಖ್ಯೆಗಳೇ ಉತ್ತರ.

ಎಂಜಿನ್‌ಗಳ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಇಂದಿನ ಬೆಲೆಯ ದೊಡ್ಡ ಪಾಲು ಇಲ್ಲಿಯೇ ಇದೆ. ಎಂಜಿನ್ ಬದಲಿಸದೆ 300 ಅಶ್ವಶಕ್ತಿಯದನ್ನೇ ತೆಗೆದುಕೊಂಡ ಕಾರುಗಳು 6,858. ಎಲ್79ರ ಮೇಲಿನ ಮೆಟ್ಟಿಲುಗಳೆಲ್ಲ 427 ಘನ ಇಂಚಿನ ದೊಡ್ಡ ಎಂಜಿನ್‌ಗಳವು. ಎಲ್36 ಎಂಬುದು ನಾಲ್ಕು ಬಾಯಿಯ ಒಂದೇ ಕಾರ್ಬ್ಯುರೇಟರ್ ಇರುವ 390 ಅಶ್ವಶಕ್ತಿಯ ಎಂಜಿನ್, 200.15 ಡಾಲರ್, 3,832 ಕಾರುಗಳು. ಎಲ್68ಕ್ಕೆ ಎರಡು ಬಾಯಿಯ ಮೂರು ಕಾರ್ಬ್ಯುರೇಟರ್, 400 ಅಶ್ವಶಕ್ತಿ, 305.50 ಡಾಲರ್, 2,101 ಕಾರುಗಳು. ಎಲ್71ಕ್ಕೂ ಮೂರು ಕಾರ್ಬ್ಯುರೇಟರ್, ಆದರೆ ಸಾಲಿಡ್ ಲಿಫ್ಟರ್ (ವಾಲ್ವುಗಳನ್ನು ಎತ್ತುವ ಗಟ್ಟಿ ಲೋಹದ ತುಂಡುಗಳು) ಮತ್ತು ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲಿನ ಮಿಶ್ರಣವನ್ನು ಒತ್ತುವ ಹೆಚ್ಚಿನ ಕಂಪ್ರೆಷನ್‌ನಿಂದ 435 ಅಶ್ವಶಕ್ತಿ, 437.10 ಡಾಲರ್, 3,754 ಕಾರುಗಳು. ಈ ಎಲ್71ರ ಮೇಲೆ ಮತ್ತೆ 368.65 ಡಾಲರ್ ಕೊಟ್ಟರೆ ಎಲ್89 ಎಂಬ, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಅಲ್ಯೂಮಿನಿಯಂ ಹೆಡ್‌ಗಳು ಸಿಗುತ್ತಿದ್ದವು. ಕೊಟ್ಟವರು ಹದಿನಾರೇ ಮಂದಿ.

ಇವೆಲ್ಲವುಗಳ ಮೇಲೆ ಇದ್ದದ್ದು ಎಲ್88. ಅದರ ಬೆಲೆ 947.90 ಡಾಲರ್, ಆದರೆ ಪಟ್ಟಿಯಲ್ಲಿ ಬರೆದಿದ್ದ ಶಕ್ತಿ 430, ಅಂದರೆ ಅರ್ಧಕ್ಕಿಂತ ಕಡಿಮೆ ಬೆಲೆಯ ಎಲ್71ಕ್ಕಿಂತ ಐದು ಕಡಿಮೆ. ಪಟ್ಟಿ ಓದಲು ಬಾರದವನಿಗೆ ಇದು ಮೋಸದಂತೆ ಕಾಣುತ್ತದೆ. ನಿಜ ಬೇರೆ: ಆ ಎಂಜಿನ್ ರೇಸಿಗೆಂದೇ ತಯಾರಾದುದು, 500ಕ್ಕಿಂತ ಹೆಚ್ಚು ಅಶ್ವಶಕ್ತಿ ಕೊಡುವಂಥದು, ದಿನನಿತ್ಯದ ಓಡಾಟಕ್ಕೆ ಜನ ಅದನ್ನು ಆಸೆಪಡಬಾರದೆಂದೇ ಕಂಪನಿ ಅಂಕಿಯನ್ನು ತಗ್ಗಿಸಿ ಬರೆಯಿತು. 12.5ಕ್ಕೆ 1ರ ಕಂಪ್ರೆಷನ್ ಇದ್ದುದರಿಂದ ಅದಕ್ಕೆ 103 ಆಕ್ಟೇನ್‌ನ ಪೆಟ್ರೋಲು ಬೇಕಿತ್ತು. ಎಲ್88 ಗುರುತು ಹಾಕಿದೊಡನೆ ಪಟ್ಟಿಯ ಬೇರೆ ಸಾಲುಗಳೂ ತಾವಾಗಿಯೇ ಸೇರಿಕೊಳ್ಳುತ್ತಿದ್ದವು: 237.00 ಡಾಲರಿನ ಎಂ22 ಗೇರ್‌ಬಾಕ್ಸ್, 342.30 ಡಾಲರಿನ ಜೆ56 ಬ್ರೇಕ್, 36.90 ಡಾಲರಿನ ಎಫ್41 ಸಸ್ಪೆನ್ಷನ್, ಕೆ66 ಟ್ರಾನ್ಸಿಸ್ಟರ್ ಇಗ್ನಿಷನ್, ಜಿ81 ಪಾಸಿಟ್ರಾಕ್ಷನ್. ರೇಡಿಯೊ ಕೇಳಿದರೂ ಕೊಡುತ್ತಿರಲಿಲ್ಲ. ಹೀಟರ್ ತೆಗೆದುಹಾಕುವ ಸಿ48 ಎಂಬ ಸಾಲು ಇಡೀ ಪಟ್ಟಿಯಲ್ಲಿ ಬೆಲೆಯನ್ನು ಇಳಿಸುವಂಥದು, 97.85 ಡಾಲರ್ ಕಡಿತ. 1967ರಲ್ಲಿ ತಯಾರಾದ ಎಲ್88 ಕಾರುಗಳು ಇಪ್ಪತ್ತು; ಎಂ22 ಗೇರ್‌ಬಾಕ್ಸ್ ಕೂಡ ಸರಿಯಾಗಿ ಇಪ್ಪತ್ತೇ. ಹೀಗೆ ಒಂದು ಸಾಲು ಇನ್ನೊಂದಕ್ಕೆ ಸಾಕ್ಷಿ ನುಡಿಯುವುದನ್ನು ಕಂಡಾಗ ನನಗೆ ಆಗುವ ಸಂತೋಷ, ಡಯಲ್ಲೂ ಮೂವ್‌ಮೆಂಟೂ ಒಂದೇ ಕಾಲದವೆಂದು ಖಚಿತವಾದಾಗ ಆಗುತ್ತಿದ್ದಂಥದೇ. ಹೊಸದಾಗಿದ್ದಾಗ ಸುಮಾರು ಆರು ಸಾವಿರ ಡಾಲರಿನ ಆಸುಪಾಸಿನಲ್ಲಿದ್ದ ಅಂಥ ಒಂದು ಕೂಪೆ 2014ರಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು.

ಇನ್ನು ಕೂಡುವ ಲೆಕ್ಕ. ಯಾವುದೇ ಕಾರಿನ ಕಾಗದ ಕೈಗೆ ಬಂದೊಡನೆ ಒಂದು ಹಾಳೆಯ ಮೇಲೆ ಮೂಲಬೆಲೆಯನ್ನು ಬರೆದು ಒಂದೊಂದಾಗಿ ಕೂಡಿರಿ. ಉದಾಹರಣೆಗೆ, ಕನ್ವರ್ಟಿಬಲ್ 4,240.75, ಅದಕ್ಕೆ ಎಲ್36 ಎಂಜಿನ್ 200.15, ಎಂ20 ಗೇರ್‌ಬಾಕ್ಸ್ 184.35, ಜಿ81ಕ್ಕೆ 42.15, ಯು69 ರೇಡಿಯೊ 172.75, ಸಿ07 ಗಟ್ಟಿ ಚಾವಣಿ 231.75. ಒಟ್ಟು 5,071.90 ಡಾಲರ್, ಅಂದಿನ ಸುಮಾರು 38,000 ರೂಪಾಯಿ. ಕಾರು ಷೋರೂಮಿನಲ್ಲಿದ್ದಾಗ ಗಾಜಿಗೆ ಅಂಟಿಸುತ್ತಿದ್ದ ಬೆಲೆಚೀಟಿಯಲ್ಲಿ ಈ ಸಾಲುಗಳೆಲ್ಲ ಇರಬೇಕೆಂದು ಅಮೆರಿಕದ 1958ರ ಕಾನೂನು ವಿಧಿಸಿತ್ತು. ಸಾಗಣೆಯ ವೆಚ್ಚ ಅದರಲ್ಲಿ ಬೇರೆಯಾಗಿ ಸೇರುವುದರಿಂದ ಚೀಟಿಯ ಕೊನೆಯ ಮೊತ್ತ ನಿಮ್ಮ ಮೊತ್ತಕ್ಕಿಂತ ಅಷ್ಟರಮಟ್ಟಿಗೆ ಹೆಚ್ಚಿರುತ್ತದೆ. ಅದರ ಹೊರತು ವ್ಯತ್ಯಾಸ ಬಂದರೆ ಯಾವ ಸಾಲಿನಲ್ಲಿ ಬಂದಿತೆಂದು ಹುಡುಕಿ. ಈ ಚೀಟಿಗಳನ್ನು ಹೊಸದಾಗಿ ಮುದ್ರಿಸಿ ಮಾರುವವರು ಇದ್ದಾರೆ, ಆದ್ದರಿಂದ ಕಾಗದ ಹಳದಿಯಾಗಿದೆ ಎಂಬುದು ಪುರಾವೆಯಲ್ಲ.

ಕೂಡಿದ ಮೇಲೆ ಮಾಡಬೇಕಾದ ಕೆಲಸವೇ ಅತಿ ಮುಖ್ಯ, ಮತ್ತು ಬಹಳ ಜನ ಬಿಟ್ಟುಬಿಡುವುದೂ ಅದನ್ನೇ: ಪಟ್ಟಿಯ ಪ್ರಕಾರ ಒಟ್ಟಿಗೆ ಬರಲಾಗದ ಆಪ್ಷನ್‌ಗಳು ಒಂದೇ ಕಾರಿನಲ್ಲಿ ಇವೆಯೇ ಎಂದು ನೋಡುವುದು. ನನ್ನ ಅಳಿಯನಿಗೆ ಮೊದಲು ಮೆಚ್ಚುಗೆಯಾದ ಕಾರು ಕಡುನೀಲಿ ಬಣ್ಣದ್ದು, ಬಲು ಚೆಂದವಾಗಿತ್ತು. 435 ಅಶ್ವಶಕ್ತಿಯ ಎಂಜಿನ್, ಕಾರ್ಖಾನೆಯಲ್ಲಿಯೇ ಹಾಕಿದ ಏರ್ ಕಂಡೀಷನರ್, ಎರಡೂ ಮೂಲದವು ಎಂದು ಮಾರುವವರು ಬರೆದಿದ್ದರು. ಮುಂಗಡ ಕಳುಹಿಸಲು ಅವನು ಸಿದ್ಧನಾಗಿದ್ದ. ಆದರೆ 1967ರಲ್ಲಿ ಎಲ್71ರೊಂದಿಗೆ ಸಿ60 ಸಿಗುತ್ತಲೇ ಇರಲಿಲ್ಲ. ಅಂದಮೇಲೆ ಎಂಜಿನ್ ಆಮೇಲೆ ಬಂದಿರಬೇಕು, ಇಲ್ಲವೇ ಏರ್ ಕಂಡೀಷನರ್ ಆಮೇಲೆ ಬಂದಿರಬೇಕು. ಕೇಳಿದ್ದಕ್ಕೆ ಮಾರುವವರಿಂದ ಸರಿಯಾದ ಉತ್ತರ ಬರಲಿಲ್ಲ, ಅವನು ಕೈಬಿಟ್ಟ. ಹಾಗೆಯೇ ಎಲ್71ಕ್ಕೆ ಪವರ್‌ಗ್ಲೈಡ್ ಆಟೊಮ್ಯಾಟಿಕ್ ಕೂಡ ಇರಲಿಲ್ಲ. ಇಂಥ ಕಾರು ಓಡುವುದಿಲ್ಲ ಎಂದಲ್ಲ, ಓಡಿಸಲು ಅದು ಒಳ್ಳೆಯದೇ ಇರಬಹುದು. ಮೂಲದ್ದು ಎಂಬ ಹೆಸರಿನಲ್ಲಿ ಅದಕ್ಕೆ ಹೆಚ್ಚು ಹಣ ಕೊಡಬಾರದು, ಅಷ್ಟೆ.

ಕಾಗದ ಒಪ್ಪಿಗೆಯಾದರೆ ಲೋಹದ ಕಡೆ ಹೋಗಿ. ಚಾಸಿ ನಂಬರಿನ ತಗಡು ಗ್ಲೋವ್ ಬಾಕ್ಸಿನ ಕೆಳಗಿರುವ ಅಡ್ಡಪಟ್ಟಿಯ ಮೇಲೆ ಇರುತ್ತದೆ. 19437 ಎಂದು ಶುರುವಾದರೆ ಕೂಪೆ, 19467 ಎಂದಾದರೆ ಕನ್ವರ್ಟಿಬಲ್. ಮುಂದಿನ 7 ವರ್ಷವನ್ನೂ, ಎಸ್ ಅಕ್ಷರ ಸೇಂಟ್ ಲೂಯಿಸನ್ನೂ ಸೂಚಿಸುತ್ತದೆ. ಕೊನೆಯ ಆರು ಅಂಕಿಗಳು 100001ರಿಂದ 122940ರ ಒಳಗೆ ಇರಬೇಕು. ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು: ಈ ಸಂಖ್ಯೆ ಎಂಜಿನ್ ಯಾವುದೆಂದು ಹೇಳುವುದಿಲ್ಲ, ಯಾವ ಆಪ್ಷನ್ನನ್ನೂ ಹೇಳುವುದಿಲ್ಲ. ‘ಚಾಸಿ ನಂಬರಿನಿಂದಲೇ ಗೊತ್ತಾಗುತ್ತದೆ, ಇದು 427’ ಎಂದು ಯಾರಾದರೂ ಹೇಳಿದರೆ ಅವರಿಗೆ ತಿಳಿದಿಲ್ಲ ಎಂದೇ ಅರ್ಥ. ಪಕ್ಕದಲ್ಲಿರುವ ಇನ್ನೊಂದು ತಗಡಿನಲ್ಲಿ ಬಣ್ಣ, ಒಳಗಿನ ಹೊದಿಕೆ ಮತ್ತು ಬಾಡಿ ತಯಾರಾದ ದಿನದ ಸಂಕೇತಗಳಿವೆ. ಬಣ್ಣ 900 ಎಂದಿದ್ದರೆ ಕಪ್ಪು, 974 ಎಂದಿದ್ದರೆ ರ‍್ಯಾಲಿ ಕೆಂಪು, 976 ಎಂದಿದ್ದರೆ ಮರೀನಾ ನೀಲಿ. ಅಲ್ಲಿನ ತಿಂಗಳ ಅಕ್ಷರ ಜನವರಿಯಿಂದ ಎಣಿಸಿದ್ದಲ್ಲ, ಆ ಮಾಡೆಲ್ ವರ್ಷದ ತಯಾರಿಕೆ ಶುರುವಾದ ತಿಂಗಳಿನಿಂದ ಎಣಿಸಿದ್ದು; ಇಲ್ಲಿ ಎಡವುವವರು ಬಹಳ.

ಎಂಜಿನ್‌ನ ಗುರುತು ಇರುವುದು ಬ್ಲಾಕಿನ ಮುಂಭಾಗದಲ್ಲಿ, ಬಲಗಡೆಯ ಹೆಡ್ಡಿನ ಎದುರಿಗೆ ಇರುವ ಸಣ್ಣ ಸಮತಟ್ಟು ಜಾಗದಲ್ಲಿ. ಅಲ್ಲಿ ಎಂಜಿನ್ ಜೋಡಿಸಿದ ಕಾರ್ಖಾನೆಯ ಅಕ್ಷರ, ತಿಂಗಳು ಮತ್ತು ದಿನ, ಆಮೇಲೆ ಎರಡಕ್ಷರದ ಸಂಕೇತ ಇರುತ್ತದೆ. ‘ಟಿ0215ಜೆಇ’ ಎಂದರೆ ಟೊನವಾಂಡಾ ಕಾರ್ಖಾನೆಯಲ್ಲಿ ಫೆಬ್ರವರಿ 15ರಂದು ಜೋಡಿಸಿದ 435 ಅಶ್ವಶಕ್ತಿಯ ಎಂಜಿನ್. ಎಚ್‌ಟಿ ಎಂದರೆ ಎಲ್79, ಐಎಲ್ ಎಂದರೆ 390, ಐಟಿ ಎಂದರೆ ಎಲ್88. ಅದೇ ಜಾಗದಲ್ಲಿ ಚಾಸಿ ನಂಬರಿನ ಕೊನೆಯ ಅಂಕಿಗಳೂ ಇರಬೇಕು. ಇಲ್ಲಿ ನಮ್ಮ ಊರಿನ ಪೆನ್ಸಿಲ್ ವಿದ್ಯೆ ಕೆಲಸಕ್ಕೆ ಬರುತ್ತದೆ. ಆ ಸಮತಟ್ಟು ಜಾಗವನ್ನು ಕಾರ್ಖಾನೆಯ ಯಂತ್ರ ಕೊರೆದಾಗ ಕೂದಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ. ಸಂಖ್ಯೆಯನ್ನು ಅಳಿಸಿ ಹೊಸದನ್ನು ಹೊಡೆಯಲು ಉಜ್ಜಿದವರು ಆ ಗೆರೆಗಳನ್ನೂ ಅಳಿಸಿರುತ್ತಾರೆ. ಮೃದುವಾದ ಬಟ್ಟೆಯಿಂದ ಒರೆಸಿ, ಕಾಗದವಿಟ್ಟು ಅಚ್ಚು ತೆಗೆಯಿರಿ, ಬದಿಯಿಂದ ಬೆಳಕು ಬೀಳಿಸಿ ಚಿತ್ರವನ್ನೂ ತೆಗೆಯಿರಿ. ತಂತಿಯ ಬ್ರಷ್ ಅಥವಾ ಉಪ್ಪುಕಾಗದ ಹಾಕಲು ಯಾರಿಗೂ ಬಿಡಬೇಡಿ, ಸಾಕ್ಷಿಯೇ ಹಾಳಾಗುತ್ತದೆ. ಕೊನೆಗೆ ದಿನಾಂಕಗಳ ಕ್ರಮ ನೋಡಿ: ಬ್ಲಾಕ್ ಎರಕ ಹೊಯ್ದ ದಿನ ಮೊದಲು, ಎಂಜಿನ್ ಜೋಡಿಸಿದ ದಿನ ಅದರ ನಂತರ, ಕಾರು ತಯಾರಾದ ದಿನ ಎಲ್ಲಕ್ಕಿಂತ ಕೊನೆಗೆ ಬರಬೇಕು. ಮಗು ತಾಯಿಗಿಂತ ಮೊದಲು ಹುಟ್ಟಿದಂತೆ ತೋರಿದರೆ ಅಲ್ಲಿಗೆ ನಿಲ್ಲಿಸಿ.

ಉಳಿದ ಆಪ್ಷನ್‌ಗಳಿಗೂ ಸಣ್ಣ ಸಣ್ಣ ಪರೀಕ್ಷೆಗಳಿವೆ. ಪಾಸಿಟ್ರಾಕ್ಷನ್ ಇದೆಯೇ ಎಂದು ತಿಳಿಯಲು ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಎರಡೂ ಚಕ್ರಗಳನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ಎತ್ತಿ ಒಂದನ್ನು ಕೈಯಿಂದ ತಿರುಗಿಸಬೇಕು. ಇನ್ನೊಂದೂ ಅದೇ ದಿಕ್ಕಿಗೆ ತಿರುಗಬೇಕು. ಪಕ್ಕದಿಂದ ಹೊಗೆ ಬಿಡುವ ಎನ್14 ಸೈಲೆನ್ಸರ್‌ಗೆ ಅಂದು 131.65 ಡಾಲರ್, 4,209 ಕಾರುಗಳಿಗೆ ಮಾತ್ರ ಇದ್ದರೂ, ಹೊಸದಾಗಿ ಮಾಡಿದ ಸೆಟ್‌ಗಳು ಸಿಗುವುದರಿಂದ ಇಂದು ಅದಕ್ಕಿಂತ ಹೆಚ್ಚು ಕಾರುಗಳಲ್ಲಿ ಕಾಣಿಸುತ್ತದೆ. ಹಿಂಭಾಗದ ಕೆಳಗಿನ ಪಟ್ಟಿಯಲ್ಲಿ ಸೈಲೆನ್ಸರ್ ಕೊಳವೆಗಳಿಗೆಂದು ಬಿಟ್ಟ ತೂತುಗಳಿದ್ದರೆ, ಅಥವಾ ಮುಚ್ಚಿದ ಗುರುತು ಇದ್ದರೆ, ಅದು ಆಮೇಲೆ ಹಾಕಿದ್ದು. ಎನ್89 ಅಲ್ಯೂಮಿನಿಯಂ ಚಕ್ರಗಳನ್ನು 263.30 ಡಾಲರ್ ಕೊಟ್ಟು ಕೊಂಡವರು 720 ಮಂದಿಯೇ, ಅವುಗಳ ನಕಲೂ ಹೇರಳವಾಗಿವೆ. ರೇಡಿಯೊ ವಿಷಯ ನನಗೆ ಬಹಳ ಹಿಡಿಸಿತು: ಕಾರ್ವೆಟ್‌ನ ಬಾಡಿ ಫೈಬರ್‌ಗ್ಲಾಸಿನದು, ಇಗ್ನಿಷನ್ನಿನ ಕರಕರ ಸದ್ದನ್ನು ಅದು ತಗಡಿನಂತೆ ತಡೆಯುವುದಿಲ್ಲ, ಹಾಗಾಗಿ ರೇಡಿಯೊ ಇದ್ದ ಕಾರುಗಳಲ್ಲಿ ಸಿಲಿಂಡರುಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರ್ ಸುತ್ತ ಹೊಳೆಯುವ ಲೋಹದ ಮುಸುಕು ಹಾಕುತ್ತಿದ್ದರು. ರೇಡಿಯೊ ಮೂಲದ್ದು ಎನ್ನುವ ಕಾರಿನಲ್ಲಿ ಆ ಮುಸುಕು ಎಲ್ಲಿ ಹೋಯಿತೆಂದು ಕೇಳಬಹುದು.

ಆದರೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಇರುವುದು ಯಾರೂ ನೋಡದ ಜಾಗದಲ್ಲಿ. ಕಾರಿನ ಆರ್ಡರಿನ ಒಂದು ಪ್ರತಿಯನ್ನು ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೆ ಅಂಟಿಸುವ ಪದ್ಧತಿ 1967ರಲ್ಲಿಯೇ ಆರಂಭವಾಯಿತು. ಅದು ಟ್ಯಾಂಕಿಗೂ ಬಾಡಿಗೂ ನಡುವೆ ಇರುವುದರಿಂದ ಪೂರ್ತಿ ಓದಲು ಟ್ಯಾಂಕನ್ನು ಇಳಿಸಲೇಬೇಕು; ಪೆಟ್ರೋಲು ತುಂಬುವಾಗ ಚೆಲ್ಲಿ ಎಷ್ಟೋ ಕಾರುಗಳಲ್ಲಿ ಅದು ಕೊಳೆತಿರುತ್ತದೆ. ಇಳಿಸಲು ಮಾರುವವರು ಒಪ್ಪದಿದ್ದರೆ, ಕೂಲಿ ನಾವೇ ಕೊಡುತ್ತೇವೆಂದು ಹೇಳಿ ನೋಡಿ. ಮಾಲೀಕನ ವಾರಂಟಿ ಪುಸ್ತಕದಲ್ಲಿದ್ದ ಸಣ್ಣ ಲೋಹದ ಪಟ್ಟಿಯಲ್ಲಿಯೂ ಎಂಜಿನ್, ಗೇರ್‌ಬಾಕ್ಸ್‌ಗಳ ಸಂಕೇತಗಳಿರುತ್ತವೆ, ಆದರೆ ಅದರ ನಕಲು ಮಾಡುವವರೂ ಇದ್ದಾರೆ. ಕಾರು ಮೊದಲು ಕೆನಡಾದಲ್ಲಿ ಮಾರಾಟವಾಗಿದ್ದರೆ ಅದೃಷ್ಟ ಒಳ್ಳೆಯದು. ಜನರಲ್ ಮೋಟರ್ಸ್‌ನ ಕೆನಡಾ ಶಾಖೆಯಿಂದ ಮೂಲ ದಾಖಲೆಯನ್ನೇ ಕೇಳಿ ಪಡೆಯಬಹುದು. ಹಳೆಯ ಕಾರ್ವೆಟ್‌ಗಳನ್ನು ಮೂಲರೂಪಕ್ಕೆ ತರುವವರ ಸಂಘವಾದ, 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದೂ ಒಳ್ಳೆಯದು.

ಇಷ್ಟಾದ ಮೇಲೆ ಹಾಳೆಯ ಮೇಲಿನ ಪ್ರತಿ ಸಾಲಿನ ಮುಂದೆ ಕಾಗದದಲ್ಲಿದೆಯೇ, ಲೋಹದಲ್ಲಿದೆಯೇ ಎಂದು ಗುರುತು ಹಾಕಿ. ಎರಡೂ ಇದ್ದದ್ದಕ್ಕೆ ಪೂರ್ತಿ ಬೆಲೆ. ವಸ್ತು ಇದ್ದು ಕಾಗದ ಇಲ್ಲದಿದ್ದರೆ ಆ ವಸ್ತುವನ್ನು ಬಿಡಿಯಾಗಿ ಕೊಂಡರೆ ಎಷ್ಟಾಗುತ್ತದೋ ಅಷ್ಟೇ. ಓಡಿಸುವ ಆಸೆಯಿಂದ ಕೊಳ್ಳುವವರಿಗೆ ನಾನು ಎಲ್79ನ್ನೇ ಹೇಳುತ್ತೇನೆ, ಮುಂಭಾಗ ಹಗುರ, 427ರ ಹೆಸರಿಗಾಗಿ ತೆರುವ ಹಣವೂ ಉಳಿಯುತ್ತದೆ. ನನ್ನ ಅಳಿಯನಿಗೆ ಮಾತ್ರ 427 ಬೇಕೇ ಬೇಕಿತ್ತು. ಕೊನೆಗೆ ಅವನು ಕೊಂಡದ್ದು, ನಾನು ಮೇಲೆ ಕೂಡಿ ತೋರಿಸಿದೆನಲ್ಲ, ಆ ಕನ್ವರ್ಟಿಬಲ್ಲನ್ನೇ. ಟ್ಯಾಂಕ್ ಇಳಿಸಿದಾಗ ಕಾಗದದ ಅರ್ಧ ಭಾಗ ಹುಡಿಯಾಗಿತ್ತು. ಉಳಿದ ಅರ್ಧದಲ್ಲಿ ಎಲ್36, ಎಂ20, ಜಿ81, ಯು69 ಓದಲು ಸಿಕ್ಕವು. ಸಿ07 ಇರಬೇಕಾದ ಜಾಗವೇ ಹೋಗಿತ್ತು. ಕಾರಿನೊಂದಿಗೆ ಬಂದ ಗಟ್ಟಿ ಚಾವಣಿಗೆ ಅವನು ಬಿಡಿ ಸಾಮಾನಿನ ಬೆಲೆಯನ್ನೇ ಕಟ್ಟಿದ. ಎರಡು ದಿನ ಯೋಚಿಸಿ ಮಾರುವವರು ಒಪ್ಪಿಕೊಂಡರು.